ಕೌಂಟರಿನಲ್ಲಿ ಕೇಳುವ ನಾಲ್ಕು ಮಾತು

ಕುವೈತಿನ ಹವಲ್ಲಿಯ ಟ್ಯುನಿಸ್ ರಸ್ತೆಯಲ್ಲಿ ಫಾರ್ಮಸಿಗೆ ಬರವಿಲ್ಲ. ಶೀತ, ಗಂಟಲು ಕೆರೆತ, ಎದೆಯುರಿ, ಬೆವರುಸಾಲೆ ಎಂದರೆ ಇಲ್ಲಿ ದುಡಿಯುವ ನಮ್ಮ ಕರಾವಳಿಯವರು ಮೊದಲು ಹೋಗುವುದು ಅಲ್ಲಿಗೇ. 2022ರ ಡಿಸೆಂಬರಿನಲ್ಲಿ ಸರ್ಕಾರಿ ಕ್ಲಿನಿಕ್ಕುಗಳು ವಿದೇಶಿಯರಿಗೆ ಔಷಧಿಯ ಲೆಕ್ಕದಲ್ಲಿ 5 ದಿನಾರ್ ಹೆಚ್ಚುವರಿ ಶುಲ್ಕ ಹಾಕಿದ ಮೇಲಂತೂ ಈ ಕೌಂಟರಿನ ಬೆಲೆ ಇನ್ನಷ್ಟು ತಿಳಿಯಿತು.

ಮಾತ್ರೆ ಎತ್ತಿ ಕೊಡುವುದು ಈ ಕಸುಬಿನ ಸಣ್ಣ ಭಾಗ. ‘ಮೂಗು ಕಟ್ಟಿದೆ, ಏನಾದ್ರೂ ಕೊಡಿ’ ಎಂದರೆ ಪಳಗಿದ ಫಾರ್ಮಸಿಸ್ಟ್ ತಕ್ಷಣ ಕಪಾಟಿನತ್ತ ತಿರುಗುವುದಿಲ್ಲ. ನಮ್ಮೂರ ಕಡೆಯವರಾದರೆ ಕನ್ನಡದಲ್ಲೇ ಶುರು: ‘ಎಷ್ಟು ದಿನ ಆಯ್ತಣ್ಣ? ಬಿಪಿ ಮಾತ್ರೆ ತಗೊಳ್ತೀರಾ? ಕೆಲಸ ಏನು? ಈಗಾಗಲೇ ಏನು ನುಂಗಿದ್ದೀರಿ?’

ಒಂದು ಮಾತೂ ಸುಮ್ಮನೆ ಕೇಳಿದ್ದಲ್ಲ. ಮೂಗು ಬಿಡಿಸುವ ಸೂಡೊಎಫೆಡ್ರಿನ್‌ನಂಥ ಮದ್ದು ರಕ್ತನಾಳಗಳನ್ನು ಬಿಗಿಗೊಳಿಸಿ ಬಿಪಿ ಏರಿಸಬಹುದು. ಅಲರ್ಜಿಯ ಮದ್ದಾದ ಕ್ಲೋರ್‌ಫೆನಿರಮಿನ್ ತೂಕಡಿಕೆ ತರುತ್ತದೆ. ದೂಳಿನ ಅಲರ್ಜಿಗೆ ಸೀನುತ್ತ ಬಂದವರು ಡ್ರೈವರ್ ಎಂದು ತಿಳಿದರೆ ಕೈ ಅಷ್ಟಾಗಿ ತೂಕಡಿಕೆ ತರದ ಲೊರಾಟಡಿನ್ ಕಡೆಗೆ ಸರಿಯುತ್ತದೆ. ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಮೈಕೈ ನೋವಿಗೆ ಪನಡಾಲ್ ತಿಂದವರು ಶೀತಕ್ಕೆಂದು ಇನ್ನೊಂದು ಮಾತ್ರೆ ನುಂಗುತ್ತಾರೆ. ಡಬ್ಬಿಯ ಬಣ್ಣ ಬೇರೆ, ಒಳಗಿರುವುದು ಎಷ್ಟೋ ಸಲ ಅದೇ ಪ್ಯಾರಸಿಟಮಾಲ್. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ ಮೇಲ್ಮಿತಿ. ಅದು ಮೀರಿದರೆ ಪೆಟ್ಟು ಲಿವರಿಗೆ. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ ‘ಇದು ಬೇಡ, ಮನೆಯಲ್ಲಿರುವುದೇ ಸಾಕು’ ಎಂದು ವ್ಯಾಪಾರ ಬಿಟ್ಟುಕೊಡುವವರನ್ನು ಕಂಡರೆ ಗೌರವ ಹುಟ್ಟುತ್ತದೆ.

ಫಾರ್ಮಸಿಸ್ಟರ ಈ ಅರಿವಿಗೆ ಬೆಲೆ ಕೊಟ್ಟಂತೆ ಇಂಗ್ಲೆಂಡು 2024ರ ಜನವರಿಯಲ್ಲಿ ಏಳು ಸಣ್ಣ ಕಾಯಿಲೆಗಳ ಚಿಕಿತ್ಸೆಯನ್ನು ಫಾರ್ಮಸಿಸ್ಟರಿಗೇ ಒಪ್ಪಿಸಿತು. ಒಳ್ಳೆಯ ನಿರ್ಧಾರ.

ಕುವೈತಿನ ಬೇಸಿಗೆಯದ್ದು ಬೇರೆಯೇ ಪಾಠ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ನಾಡಿದು. ಭೇದಿ ಹತ್ತಿ ಸೋತು ಬಂದವರಿಗೆ ಓಆರ್‌ಎಸ್ ಕೊಡುವಾಗ ಫಾರ್ಮಸಿಸ್ಟ್ ಪೊಟ್ಟಣದ ಮೇಲಿನ ನೀರಿನ ಅಳತೆಗೆ ಬೆರಳಿಟ್ಟು ತೋರಿಸುತ್ತಾರೆ. ಆ ಅಳತೆಗೆ ಕಾರಣವಿದೆ: ಗ್ಲೂಕೋಸು ಕರುಳಿನ ಗೋಡೆ ದಾಟುವಾಗ ಸೋಡಿಯಮ್ಮನ್ನೂ ಜೊತೆಗೆ ಒಯ್ಯುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು. ರುಚಿಗೆಂದು ಸಕ್ಕರೆ ಸುರಿದರೆ ಭೇದಿ ಹೆಚ್ಚಬಹುದು.

ಆದರೆ ಬಿಸಿಲಿನಿಂದ ಬಂದವರ ಮೈ ಕೆಂಡವಾಗಿದ್ದು ಮಾತು ತೊದಲುತ್ತಿದ್ದರೆ ಪೊಟ್ಟಣದ ಮಾತೇ ಇಲ್ಲ. ಅವರನ್ನು ಎಸಿಯ ಕೆಳಗೆ ಮಲಗಿಸಿ, ಮೈಗೆ ನೀರು ಹಾಕಿ, 112ಕ್ಕೆ ಫೋನ್ ಮಾಡುವುದು.