ಬೇಲಿಯೇ ಹೊಲವನ್ನು ಮೇದಾಗ

ಕನ್ನಗಳ್ಳನಿಗೆ ಕತ್ತಲೆ ಬೇಕು. ಜೇಬುಗಳ್ಳನಿಗೆ ಜನಸಂದಣಿ ಬೇಕು. ಆದರೆ ಹಾಡುಹಗಲಿನಲ್ಲಿ, ತಂಪಾದ ಕಚೇರಿಯಲ್ಲಿ ಕುಳಿತು, ಮೊಹರು ಬಿದ್ದ ಕಾಗದಕ್ಕೆ ರುಜು ಹಾಕಿ ಕದಿಯುವವರೂ ಉಂಟು. ಇವರು ಬೀಗ ಒಡೆಯುವುದಿಲ್ಲ. ಬೀಗದ ಕೈ ಇವರ ವಶದಲ್ಲಿಯೇ ಇರುತ್ತದೆ. 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲೆಂಡರು ಇಂತಹ ಕೃತ್ಯಗಳಿಗೆ ‘ಬಿಳಿ ಕಾಲರಿನ ಅಪರಾಧ’ವೆಂದು ಹೆಸರಿಟ್ಟರು. ಬಡತನವೇ ಅಪರಾಧದ ತಾಯಿಯೆಂದು ನಂಬಿದ್ದ ಕಾಲವದು. 70 ದೊಡ್ಡ ಕಂಪೆನಿಗಳ ನಡತೆಯನ್ನು ಪರಿಶೀಲಿಸಿದ ಅವರ ಗ್ರಂಥ 1949ರಲ್ಲಿ ಹೊರಬಂದಾಗ, ಮೊಕದ್ದಮೆಯ ಅಂಜಿಕೆಯಿಂದ ಕಂಪೆನಿಗಳ ಹೆಸರುಗಳನ್ನು ಬಿಟ್ಟೇ ಅಚ್ಚು ಹಾಕಲಾಯಿತು. ಹೆಸರುಗಳುಳ್ಳ ಪೂರ್ಣ ಗ್ರಂಥ ಬೆಳಕು ಕಂಡುದು 1983ರಲ್ಲಿ!

ಸದರ್ಲೆಂಡರು ಬರೆದುದು ಒಂದೇ ದೇಶದ ಕಥೆ. ಇಂತಹ ಅಪರಾಧ ದೇಶದಿಂದ ದೇಶಕ್ಕೆ ಹಬ್ಬಿದರೆ ಏನಾಗುತ್ತದೆಂಬುದಕ್ಕೆ ಮಲೇಷಿಯದ ‘ವನ್ ಎಂಡಿಬಿ’ ಹಗರಣಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಪ್ರಜೆಗಳ ಹೆಸರಿನ ಭಂಡಾರ

2009ರಲ್ಲಿ ನಜೀಬ್ ರಜಾಕರು ಮಲೇಷಿಯದ ಪ್ರಧಾನಿಯಾದರು. ದೇಶದ ಅಭಿವೃದ್ಧಿಗಾಗಿ ಬಂಡವಾಳ ಹೂಡಲು ಅದೇ ವರ್ಷ ಈ ಸರಕಾರಿ ಕಂಪೆನಿ ರೂಪುಗೊಂಡಿತು. ಅದರ ಸಲಹಾ ಮಂಡಲಿಗೆ ಪ್ರಧಾನಿಯೇ ಅಧ್ಯಕ್ಷರು. ಹಣಕಾಸಿನ ಮಂತ್ರಿಯೂ ಅವರೇ. ಕೊಡುವ ಕೈ, ಲೆಕ್ಕ ಕೇಳುವ ಕೈ ಎರಡೂ ಒಂದೇ ಆದಲ್ಲಿ ಲೆಕ್ಕ ಕೇಳುವವರು ಯಾರು?

ಅದೇ ಸೆಪ್ಟೆಂಬರಿನಲ್ಲಿ ಪೆಟ್ರೋಸೌದಿ ಎಂಬ ತೈಲ ಕಂಪೆನಿಯೊಡನೆ ಪಾಲುದಾರಿಕೆಯ ಒಪ್ಪಂದವಾಯಿತು. ಅದರ ಹೆಸರಿನಲ್ಲಿ ಹೊರಟ 100 ಕೋಟಿ ಡಾಲರಿನಲ್ಲಿ 70 ಕೋಟಿ ದಾರಿ ತಪ್ಪಿ, ಗುಡ್ ಸ್ಟಾರ್ ಎಂಬ ಸಂಸ್ಥೆಯ ಜ್ಯೂರಿಕ್ ಖಾತೆಯನ್ನು ಸೇರಿತು. ಗುಡ್ ಸ್ಟಾರ್ ನೋಂದಣಿಯಾಗಿದ್ದುದು ಸೇಷೆಲ್ಸ್ ದ್ವೀಪಗಳಲ್ಲಿ. ಅದರ ಸೂತ್ರಧಾರ ಜೋ ಲೋ ಎಂಬ ತರುಣ ದಳ್ಳಾಳಿಯೆಂದು ಅಮೆರಿಕದ ನ್ಯಾಯ ಇಲಾಖೆ ಆಪಾದಿಸಿತು. ತಾನು ನಿರಪರಾಧಿಯೆಂದು ಆತ ಹೇಳಿಕೊಂಡನಾದರೂ ನ್ಯಾಯಾಲಯದ ಮುಂದೆ ನಿಲ್ಲದೆ ತಲೆಮರೆಸಿಕೊಂಡ.

ಹೆಸರಿನ ಇಂದ್ರಜಾಲ

2012–13ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಅಮೆರಿಕದ ಬ್ಯಾಂಕು ಮೂರು ಬಾರಿ ಸಾಲಪತ್ರಗಳನ್ನು ಹೊರಡಿಸಿ ಕಂಪೆನಿಗೆ 650 ಕೋಟಿ ಡಾಲರ್ ಕೂಡಿಸಿಕೊಟ್ಟಿತು. ತನ್ನ ಶುಲ್ಕವೆಂದು ಸುಮಾರು 60 ಕೋಟಿ ಪಡೆಯಿತು.

ಈ ಹಣ ಸೋರಿಹೋದ ಬಗೆ ಸೋಜಿಗದ್ದು. ಅಬುಧಾಬಿಯಲ್ಲಿ ಆಬಾರ್ ಎಂಬ ಪ್ರತಿಷ್ಠಿತ ಹೂಡಿಕೆ ಸಂಸ್ಥೆಯಿತ್ತು. ಹೆಚ್ಚುಕಡಿಮೆ ಅದೇ ಹೆಸರಿನ ಮತ್ತೊಂದು ಕಂಪೆನಿ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಹುಟ್ಟಿಕೊಂಡಿತು. ಸಾಲಪತ್ರದ ಹಣದಲ್ಲಿ 130 ಕೋಟಿ ಡಾಲರಿಗೂ ಮಿಕ್ಕಿ ಈ ಎರಡನೆಯ ‘ಆಬಾರ್’ ಪಾಲಾಯಿತು. ಹೆಸರನ್ನು ನೋಡಿದವರಿಗೆ ಸಂಶಯವಿಲ್ಲ. ವಿಳಾಸವನ್ನು ನೋಡಿದವರು ಮಾತನಾಡಲಿಲ್ಲ. ಕ್ವಾಲಾಲಂಪುರದ ಗುಮಾಸ್ತ, ಸಿಂಗಪುರದ ಬ್ಯಾಂಕು, ಸ್ವಿಟ್ಜರ್ಲೆಂಡಿನ ಖಾತೆ, ನ್ಯೂಯಾರ್ಕಿನ ವಕೀಲ, ಒಬ್ಬೊಬ್ಬರ ಮುಂದೆಯೂ ಸರಪಣಿಯ ಒಂದೊಂದೇ ಕೊಂಡಿ. ಇಡೀ ಸರಪಣಿಯನ್ನು ನೋಡುವುದು ಯಾರ ಕರ್ತವ್ಯವೂ ಆಗಿರಲಿಲ್ಲ. ಅಂತಾರಾಷ್ಟ್ರೀಯ ಅಪರಾಧದ ಬಲವೆಲ್ಲ ಇಲ್ಲಿಯೇ ಅಡಗಿದೆ.

ಅಮೆರಿಕದ ಆಪಾದನೆಯ ಮೇರೆಗೆ 2009ರಿಂದ 2015ರ ವರೆಗೆ ಲಪಟಾಯಿಸಲ್ಪಟ್ಟ ಮೊತ್ತ 450 ಕೋಟಿ ಡಾಲರಿಗೂ ಹೆಚ್ಚು. ಅದು ಮಹಲುಗಳಾಯಿತು, ಚಿತ್ರಕಲಾಕೃತಿಗಳಾಯಿತು, ವಿಹಾರ ನೌಕೆಯಾಯಿತು. ಷೇರು ಪೇಟೆಯ ವಂಚಕನೊಬ್ಬನ ಕಥೆಯುಳ್ಳ ಹಾಲಿವುಡ್ ಚಿತ್ರ ‘ದಿ ವುಲ್ಫ್ ಆಫ್ ವಾಲ್ ಸ್ಟ್ರೀಟ್’ಗೂ ಇದೇ ಹಣ ಸಂದಿತೆಂದು ಆರೋಪ ಬಂದಿತು!

ಗಡಿಯಲ್ಲಿ ನಿಲ್ಲುವ ಕಾನೂನು

2015ರ ಜುಲೈಯಲ್ಲಿ ಪ್ರಧಾನಿಯ ಖಾಸಗಿ ಖಾತೆಗೆ ಸುಮಾರು 68 ಕೋಟಿ ಡಾಲರ್ ಸಂದಾಯವಾಗಿತ್ತೆಂಬ ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಜುಲೈ 28ರಂದು ದೇಶದ ಅಟಾರ್ನಿ ಜನರಲ್ ಹುದ್ದೆ ಕಳೆದುಕೊಂಡರು. ಪ್ರಶ್ನೆ ಎತ್ತಿದ್ದ ಉಪಪ್ರಧಾನಿಯೂ ಹೊರಬಿದ್ದರು. ಹಗರಣವನ್ನು ಬಯಲಿಗೆಳೆಯುತ್ತಿದ್ದ ‘ದಿ ಎಡ್ಜ್’ ವಾರಪತ್ರಿಕೆಗೂ ಮೂರು ತಿಂಗಳ ನಿಷೇಧ ಬಿದ್ದಿತು. ಅದು ಸೌದಿ ಅರೇಬಿಯದ ರಾಜಮನೆತನದ ಕೊಡುಗೆಯೆಂದು ಹೊಸ ಅಟಾರ್ನಿ ಜನರಲ್ 2016ರಲ್ಲಿ ಸಾರಿದರು.

ಮನೆಯೊಳಗೆ ಮುಚ್ಚಿದ ಬಾಗಿಲನ್ನು ಹೊರಗಿನವರು ತಟ್ಟಿದರು. ಸಿಂಗಪುರ 2016ರಲ್ಲಿ ಎರಡು ಸ್ವಿಸ್ ಬ್ಯಾಂಕುಗಳ ತನ್ನಲ್ಲಿನ ವ್ಯವಹಾರವನ್ನೇ ಮುಚ್ಚಿಸಿತು. ಅಮೆರಿಕ ಸ್ವತ್ತುಗಳ ಜಪ್ತಿಗೆ ದಾವೆ ಹೂಡಿತು. ಆದರೂ ತೊಡಕುಗಳಿಗೆ ಕೊನೆಯಿಲ್ಲ. 25 ಕೋಟಿ ಡಾಲರ್ ಬೆಲೆಯ ವಿಹಾರ ನೌಕೆಯನ್ನು ಅಮೆರಿಕದ ಕೋರಿಕೆಯಂತೆ ಇಂಡೊನೇಷಿಯ 2018ರಲ್ಲಿ ಬಾಲಿಯಲ್ಲಿ ಹಿಡಿದರೆ, ಆ ಜಪ್ತಿ ಅಕ್ರಮವೆಂದು ಅಲ್ಲಿಯ ನ್ಯಾಯಾಲಯವೇ ತೀರ್ಪಿತ್ತಿತು! ಕೊನೆಗೆ ಮಲೇಷಿಯದ ಕೈಸೇರಿದ ಆ ನೌಕೆ 2019ರಲ್ಲಿ 12.6 ಕೋಟಿಗೆ ಮಾರಾಟವಾಯಿತು.

ನಿಜವಾದ ತಿರುವನ್ನು ತಂದವರು ಮತದಾರರು. 1957ರ ಸ್ವಾತಂತ್ರ್ಯದಿಂದ ಅಧಿಕಾರದಲ್ಲಿದ್ದ ಪಕ್ಷಕೂಟವನ್ನು 2018ರ ಮೇ 9ರಂದು ಅವರು ಇಳಿಸಿದರು. 2020ರ ಜುಲೈ 28ರಂದು, ಅಟಾರ್ನಿ ಜನರಲ್ ಪದಚ್ಯುತರಾದ ಐದು ವರ್ಷಕ್ಕೆ ಸರಿಯಾಗಿ, ಅಂಗಸಂಸ್ಥೆಯೊಂದರ ಹಣದ ಮೊಕದ್ದಮೆಯಲ್ಲಿ ನಜೀಬರಿಗೆ 12 ವರ್ಷಗಳ ಸಜೆಯಾಯಿತು. 2022ರಲ್ಲಿ ಅವರು ಸೆರೆಮನೆ ಸೇರಿದರು; 2024ರಲ್ಲಿ ಕ್ಷಮಾದಾನ ಮಂಡಲಿ ಆ ಸಜೆಯನ್ನು ಅರ್ಧಕ್ಕಿಳಿಸಿತು. 2025ರ ಡಿಸೆಂಬರಿನಲ್ಲಿ ಮುಖ್ಯ ಮೊಕದ್ದಮೆಯಲ್ಲಿಯೂ ಅವರು ಅಪರಾಧಿಯೆಂದು ತೀರ್ಪಾಯಿತು. ಗೋಲ್ಡ್‌ಮನ್ ಸ್ಯಾಕ್ಸ್‌ನ ಮಲೇಷಿಯ ಶಾಖಾಸಂಸ್ಥೆ 2020ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು.

ತೀರಿಸುವವರು ಯಾರು?

2018ರಲ್ಲಿ ಹೊಸ ಸರಕಾರ ದೇಶದ ಸಾಲ ಇಳಿಸಲು ‘ಭರವಸೆಯ ನಿಧಿ’ಯನ್ನು ತೆರೆದಾಗ ಸಾಮಾನ್ಯ ಪ್ರಜೆಗಳು ತಮ್ಮ ಗಳಿಕೆಯಿಂದ ಸುಮಾರು 20 ಕೋಟಿ ರಿಂಗಿಟ್ ಕೊಟ್ಟರು. ಆದರೆ 2009ರಲ್ಲಿ ಎತ್ತಿದ ಒಂದು ಸಾಲವೇ 500 ಕೋಟಿ ರಿಂಗಿಟ್. ಅದರ ವಾಯಿದೆ 2039ರ ವರೆಗೆ. ಆ ಕಾಗದಗಳಿಗೆ ರುಜು ಬಿದ್ದ ವರ್ಷ ಹುಟ್ಟಿದ ಕೂಸಿಗೆ ಅಂದು ಮೂವತ್ತು ತುಂಬಿರುತ್ತದೆ. ಕನ್ನ ಹಾಕಿಸಿಕೊಂಡವನು ಬೆಳಗಾಗುವುದರೊಳಗೆ ತನ್ನ ನಷ್ಟವನ್ನು ಅರಿಯುತ್ತಾನೆ. ಬಿಳಿ ಕಾಲರಿನ ಕಳವಿನಲ್ಲಿ ನಷ್ಟಕ್ಕೊಳಗಾದವನಿಗೆ ತನ್ನ ಮನೆಗೆ ಕಳ್ಳ ಬಂದಿದ್ದನೆಂಬುದೇ ತಿಳಿಯುವುದಿಲ್ಲ. ತೆರಿಗೆಯ ಚೀಟಿ ಮಾತ್ರ ತಪ್ಪದೆ ಬರುತ್ತದೆ.