ಮನೆಗೆ ಬಂದ ಅತಿಥಿಯೂ ತೆರಿಗೆಯ ಹೊಣೆಯೂ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಬಂದ ಪ್ರವಾಸಿಗಳಿಗೆ ಸಮೀಪದ ತೋಡಾರಿನ ಗೃಹಸ್ಥನೊಬ್ಬನು ತಾನು ವಾಸಿಸುವ ಮನೆಯ ಎರಡು ಕೋಣೆಗಳನ್ನು ದಿನಬಾಡಿಗೆಗೆ ಕೊಡುವನೆಂದು ಭಾವಿಸೋಣ. ಅದು ಮನೆಯೋ, ವಸತಿಗೃಹವೋ? ಕಾಯಿದೆಗಳು ಇದಕ್ಕೆ ಒಂದೇ ಉತ್ತರವನ್ನು ಕೊಡುವುದಿಲ್ಲ.

ನಮ್ಮ ರಾಜ್ಯದ 1979ರ ಕಾಯಿದೆಯು ವಸತಿಗೃಹದ ಕೊಠಡಿಯನ್ನು ವಿಲಾಸವೆಂದೆಣಿಸಿ ತೆರಿಗೆ ವಿಧಿಸಿತು. 2017ರ ಜುಲೈ 1ರಂದು ಅದು ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಗಿ, ವಿಲಾಸವಾಗಿದ್ದುದು ಸೇವೆಯೆನಿಸಿತು. ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿಗಳನ್ನು ಮೀರದ ಇಂಥ ಗೃಹಸ್ಥನು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ನೇರವಾಗಿ ಬಂದ ಅತಿಥಿಯಿಂದ ಈ ತೆರಿಗೆಯನ್ನು ವಸೂಲು ಮಾಡುವಂತೆಯೂ ಇಲ್ಲ. ಆದರೆ ಅತಿಥಿಯು ಅಂತರ್ಜಾಲದ ಮಧ್ಯವರ್ತಿ ಸಂಸ್ಥೆಯ ಮೂಲಕ ಬಂದರೆ, ಆ ಸಂಸ್ಥೆಯೇ ತೆರಿಗೆಯನ್ನು ತೆರತಕ್ಕದ್ದು. 2025ರ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂ. ಮೀರದ ಕೊಠಡಿಗೆ ಇದರ ದರ ಶೇಕಡಾ 5. ಆದುದರಿಂದ 2,000 ರೂಪಾಯಿಯ ಒಂದೇ ಕೋಣೆಗೆ ಒಬ್ಬನು 2,000, ಇನ್ನೊಬ್ಬನು 2,100 ರೂ. ಕೊಡುವ ಪ್ರಸಂಗವುಂಟು.

ಈ ವಿನಾಯಿತಿಯನ್ನು ಎಲ್ಲ ಹೊಣೆಗಳಿಂದಲೂ ಬಿಡುಗಡೆಯೆಂದು ತಿಳಿಯುವುದು ತಪ್ಪು. ಬಾಡಿಗೆಯ ಗಳಿಕೆಯು ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಸ್ಥಳೀಯ ಸಂಸ್ಥೆಯ ಕಟ್ಟಡ ತೆರಿಗೆಯೂ, ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಬೇರೆ ವಿಷಯಗಳು. ಪರದೇಶದ ಅತಿಥಿ ಬಂದರೆ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ವರದಿ ಸಲ್ಲಿಸತಕ್ಕದ್ದು.

ದಾನದಿಂದ ನಡೆದ ಛತ್ರದಲ್ಲಿ ದಾರಿಗನು ಅತಿಥಿಯಾಗಿದ್ದನು. ಬಾಡಿಗೆ ತೆತ್ತೊಡನೆ ಅವನು ಗ್ರಾಹಕನಾದನು. ಮನೆಯ ಯಜಮಾನನು ವ್ಯಾಪಾರಿಯಾಗುವುದೂ ಆ ಕ್ಷಣದಲ್ಲಿಯೇ ಎಂಬುದನ್ನು ನಾವು ಮರೆಯಲಾಗದು.