ಹತ್ತರಲ್ಲಿ ಏಳು ಸೊನ್ನೆಯಾದಾಗ

ಹತ್ತು ಬೀಜ ಊರಿದಿರಿ, ಏಳು ಮೊಳೆತವು. ಮೊಳಕೆಯ ಪ್ರಮಾಣ ಎಷ್ಟು? ಹೈಸ್ಕೂಲು ಮೆಟ್ಟಿಲು ಹತ್ತಿದವರೆಲ್ಲ 0.7 ಎನ್ನುತ್ತಾರೆ. ಸ್ಟ್ಯಾನ್ ಮಾತ್ರ, ನೀವು ಕೇಳುವ ಬಗೆ ತುಸು ತಪ್ಪಿದರೂ, ಸೊನ್ನೆ ಎಂದುಬಿಡುತ್ತದೆ.

ಸ್ಟ್ಯಾನ್ ಸಂಖ್ಯಾಶಾಸ್ತ್ರದವರ ಮಾಡೆಲಿಂಗ್ ಭಾಷೆ. ಮಾಂಟೆ ಕಾರ್ಲೊ ವಿಧಾನದ ಜನಕರಲ್ಲೊಬ್ಬರಾದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಅವರ ಹೆಸರು ಹೊತ್ತು 2012ರಲ್ಲಿ ಇದರ ಮೊದಲ ಆವೃತ್ತಿ ಬಂತು. ಇಲ್ಲಿ ಸ್ವಂತ ಫಂಕ್ಷನ್ ಬರೆಯುವವರು ಒಳಗೆ ಬರುವ ಪ್ರತಿ ಮೌಲ್ಯದ ಟೈಪ್ ಯಾವುದೆಂದು ಮೊದಲೇ ಹೇಳಬೇಕು. 'ಇಂಟ್' ಎಂದರೆ ಪೂರ್ಣಾಂಕ. 'ರಿಯಲ್' ಎಂದರೆ ದಶಮಾಂಶವೂ ಇರಬಹುದಾದ ಸಂಖ್ಯೆ.

ಅರ್ಧ ಬೀಜ ಎಲ್ಲಾದರೂ ಮೊಳೆಯುತ್ತದೆಯೇ ಎಂದುಕೊಂಡು, ಊರಿದ ಮತ್ತು ಮೊಳೆತ ಬೀಜಗಳ ಎಣಿಕೆ ಎರಡಕ್ಕೂ ಇಂಟ್ ಎಂದು ಬರೆಯುವುದು ಸಹಜವೇ. ಆದರೆ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಸ್ಟ್ಯಾನ್ ಭಾಗಲಬ್ಧವನ್ನಷ್ಟೇ ಇಟ್ಟುಕೊಂಡು ಶೇಷವನ್ನು ಬಿಸಾಡುತ್ತದೆ. ಉತ್ತರ ರಿಯಲ್ ಎಂದು ನೀವು ಸಾರಿದ್ದರೂ ಅಷ್ಟರಲ್ಲಿ ಅದು ಸೊನ್ನೆಯಾಗಿರುತ್ತದೆ. ಕಂಪೈಲರ್ ಎಚ್ಚರಿಸುತ್ತದೆ, ನಿಜ. ಎಚ್ಚರಿಕೆ ಓದುವವರು ಯಾರು? ಎರಡನ್ನೂ ರಿಯಲ್ ಮಾಡಿ: ಅದೇ 7, ಅದೇ 10, ಈಗ 0.7. ಇಂಟ್ ಕೊಟ್ಟರೆ ಅದು ತಾನಾಗಿ ರಿಯಲ್ ಆಗುತ್ತದೆ. ರಿಯಲ್ ಕೊಟ್ಟು ಇಂಟ್ ಆಗಲೆಂದರೆ ಆಗದು.

ಈ ಮಡಿವಂತಿಕೆಗೆ ಕಾರಣವಿದೆ. ಸ್ಟ್ಯಾನ್ ಅಜ್ಞಾತಗಳನ್ನು ಹುಡುಕುವುದು ಇಳಿಜಾರು ನೋಡಿಕೊಂಡು, ಅಂದರೆ ಅವಕಲನದ ಬಲದಿಂದ. ಪೂರ್ಣಾಂಕಗಳ ನಡುವೆ ಇಳಿಜಾರೆಲ್ಲಿ? ಹಾಗಾಗಿ ಮಾದರಿಯ ಅಜ್ಞಾತ ಯಾವುದೂ ಇಂಟ್ ಆಗುವಂತಿಲ್ಲ. ಫಂಕ್ಷನ್ನಿನ ಬಾಗಿಲಲ್ಲಿ ಇಂಟ್ ಎಂದು ಬರೆದಿರೋ, ಆ ಬಾಗಿಲಿಂದ ಅಜ್ಞಾತ ಒಳಬರುವುದೇ ಇಲ್ಲ. ನನಗೆ ಟೈಪ್‌ನ ನಿಜವಾದ ಕೆಲಸ ಕಾಣುವುದು ಇಲ್ಲೇ.

ಇನ್ನೊಂದು ವಿಚಿತ್ರ. ದತ್ತಾಂಶ ಘೋಷಿಸುವಾಗ ಅದು ಎಷ್ಟು ಉದ್ದದ ವೆಕ್ಟರ್, ಋಣವಾಗಬಹುದೇ ಎಂದೆಲ್ಲ ಹೇಳಬಹುದು. ಫಂಕ್ಷನ್ನಿಗೆ ಬರೀ 'ವೆಕ್ಟರ್' ಸಾಕು. ಉದ್ದ, ಮಿತಿ ಬರೆದರೆ ಒಪ್ಪುವುದೇ ಇಲ್ಲ. ಮಿತಿ ಮೀರಿದ್ದನ್ನು ಒಳಗೇ ಪರೀಕ್ಷಿಸಿ 'ರಿಜೆಕ್ಟ್' ಮಾಡಬೇಕು. ಆಕಾರದಲ್ಲಿ ಮಾತ್ರ ರಿಯಾಯಿತಿಯಿಲ್ಲ: ಅಡ್ಡಸಾಲಿನ ವೆಕ್ಟರನ್ನು ಕಂಬಸಾಲಿನದರಿಂದ ಗುಣಿಸಿದರೆ ಒಂದೇ ಸಂಖ್ಯೆ, ತಿರುವುಮುರುವಾದರೆ ಇಡೀ ಮ್ಯಾಟ್ರಿಕ್ಸ್.

ಅರೇ, ಅಂದರೆ ಒಂದೇ ಟೈಪಿನ ಮೌಲ್ಯಗಳ ಪಟ್ಟಿ, ಬರೆಯುವ ಕ್ರಮವೂ ಬದಲಾಗಿದೆ. ಮೊದಲು 'ರಿಯಲ್' ಎಂದು ಬರೆದು ಅದರ ಬಾಲಕ್ಕೆ ಚೌಕ ಕಂಸ ಅಂಟಿಸುತ್ತಿದ್ದರು. ಈಗ 'ಅರೇ', ಕಂಸ, ಆಮೇಲೆ 'ರಿಯಲ್'. 2.33ನೇ ಆವೃತ್ತಿಯಿಂದ ಹಳೆಯ ಬರವಣಿಗೆ ನಡೆಯದು. ಹಳೆಯ ಪುಸ್ತಕದಿಂದ ಇಳಿಸಿಕೊಂಡ ಫಂಕ್ಷನ್ ಮೊದಲ ಸಾಲಿಗೇ ಮುಗ್ಗರಿಸಿದರೆ, ನಿಮ್ಮ ಗಣಿತವನ್ನು ಅನುಮಾನಿಸುವ ಮೊದಲು ಆ ಕಂಸ ಎಲ್ಲಿದೆ ನೋಡಿ.